ಚಂದ್ರಿ ತಂದ ಹಾಲು

ತೊಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮೂರಿಗೆ ಹಾಲಿನ ಲಾರಿ ದಿನಕ್ಕೆ ಎರಡು ಸಲ ಬರುತ್ತಿತ್ತು, ಬಸ್ಸು ಒಂದು ಸಲ ಬಂದರೆ ಪುಣ್ಯ. ಪಾಂಡವಪುರದಿಂದ ಕೆ.ಆರ್.ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಇಳಿದು, ನಾಲೆಯ ಏರಿ ಹಿಡಿದು ಎರಡು ಮೈಲಿ ನಡೆದರೆ ಊರು. ಊರಿನ ಮೊದಲಲ್ಲೇ ಹಾಲಿನ ಡೈರಿ. ಬೆಳಗ್ಗೆ ಆರಕ್ಕೆಲ್ಲ ಅದರ ಮುಂದೆ ಸ್ಟೀಲ್ ಕ್ಯಾನು, ಹಿತ್ತಾಳೆ ಚೆಂಬು, ಪ್ಲಾಸ್ಟಿಕ್ ಡಬ್ಬ ಹಿಡಿದು ಹೆಂಗಸರು ಸಾಲು ನಿಲ್ಲುತ್ತಿದ್ದರು. ಹಸಿ ಹಾಲು, ಸೋಡಾಪುಡಿ ಹಾಕಿ ತೊಳೆದ ಕ್ಯಾನು, ಸೀರೆಯಂಚಿಗೆ ಅಂಟಿದ ಸಗಣಿ, ಚಳಿಗಾಲವಾದರೆ ಕೈಗೆ ಹತ್ತಿದ ಅವರೆಕಾಯಿ ಸೊಗಡು, ಎಲ್ಲ ಸೇರಿ ಅಲ್ಲೊಂದು ವಾಸನೆ ಇರುತ್ತಿತ್ತು. ಇವತ್ತಿಗೂ ಅದು ಎಲ್ಲಾದರೂ ಮೂಗಿಗೆ ಬಡಿದರೆ ನಾನು ಅಲ್ಲಿಂದ ಬೇಗ ಎದ್ದುಬಿಡುತ್ತೇನೆ.

ನಮ್ಮಪ್ಪ ಆ ಡೈರಿಯಲ್ಲಿ ಟೆಸ್ಟರ್ ಆಗಿದ್ದ. ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ ನೋಡುವುದು ಅವನ ಕೆಲಸ. ಅದೊಂದು ಗಾಜಿನ ಕಡ್ಡಿ, ಬುಡದಲ್ಲಿ ಬುರುಡೆ, ಮೇಲೆ ಗೆರೆ ಗೆರೆ. ಗಟ್ಟಿ ಹಾಲಿನಲ್ಲಿ ಇಪ್ಪತ್ತೆಂಟರ ಆಚೀಚೆ ತೇಲಿ ನಿಲ್ಲುತ್ತದೆ. ನೀರು ಬೆರೆತಷ್ಟೂ ಮುಳುಗುತ್ತ ಹೋಗುತ್ತದೆ, ಅಂಕಿ ಇಳಿಯುತ್ತದೆ. ಊರಿನವರಿಗೆ ಅದು ಬರೀ ‘ಕಡ್ಡಿ’. ಲಾರಿ ಬರುವುದರೊಳಗೆ ಎಲ್ಲರ ಹಾಲಿಗೂ ಕಡ್ಡಿ ಅದ್ದಲು ಆಗುತ್ತಿರಲಿಲ್ಲ, ಅಪ್ಪ ಅವರಿವರದು ನೋಡಿ ಬಿಡುತ್ತಿದ್ದ. ಡೈರಿ ಅಧ್ಯಕ್ಷ ನಿಂಗೇಗೌಡರ ಮನೆಯ ಕ್ಯಾನಿಗಂತೂ ಕಡ್ಡಿ ಅದ್ದುವ ಪದ್ಧತಿಯೇ ಇರಲಿಲ್ಲ. ಅದು ಮರ್ಯಾದೆಯ ವಿಷಯ.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕರೆದ ಹಾಲಿನಲ್ಲಿ ಗಟ್ಟಿಯಾದದ್ದೆಲ್ಲ ಡೈರಿಗೆ ಹೋಗುತ್ತಿತ್ತು. ಮನೆಗೆಂದು ಉಳಿಸಿಕೊಂಡ ಎರಡು ಲೋಟಕ್ಕೆ ಒಂದು ಲೋಟ ನೀರು ಸುರಿಯುತ್ತಿದ್ದರು. ಕಾಫಿಗೂ ಅದೇ, ಮೊಸರಿಗೂ ಅದೇ, ಮಕ್ಕಳಿಗೂ ಅದೇ. ಟೆಸ್ಟರ್ ಮಗಳಾದ ನಾನು ಗಟ್ಟಿ ಹಾಲಿನ ರುಚಿ ನೋಡುತ್ತಿದ್ದುದು ಹಬ್ಬದ ಪಾಯಸದಲ್ಲಿ. ಡೈರಿ ಇದ್ದ ಊರಿನಲ್ಲಿ ಬೆಳೆದ ನಿಮಗೆಲ್ಲ ಇದು ಗೊತ್ತಿರುತ್ತದೆ. ಎಲ್ಲರ ಮನೆಯಲ್ಲೂ ಇದ್ದದ್ದೇ, ಆದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಸು ಕಟ್ಟಿಕೊಂಡು ನೀರುಹಾಲು ಕುಡಿಯುತ್ತೇವೆ ಅನ್ನುವುದು ನಾಲ್ಕು ಜನರ ಮುಂದೆ ಹರಿದ ಲಂಗ ತೋರಿಸಿದ ಹಾಗೆ.

ಚಂದ್ರಿ ನನ್ನ ಗೆಳತಿ. ಹಾಜರಿ ಪುಸ್ತಕದಲ್ಲಿ ಚಂದ್ರಕಲಾ. ಅವಳ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ಅವ್ವ ಪುಟ್ಟತಾಯಮ್ಮ ಒಂದು ಸೀಮೆಹಸು ಇಟ್ಟುಕೊಂಡು, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಚಂದ್ರಿಯನ್ನೂ ಅವಳ ತಮ್ಮನನ್ನೂ ಸಾಕುತ್ತಿದ್ದಳು. ನಾನೂ ಚಂದ್ರಿಯೂ ನಾಲೆ ಏರಿಯ ಮೇಲೆ ಕಬ್ಬು ಸಿಗಿಯುತ್ತ ಪಕ್ಕದೂರಿನ ಹೈಸ್ಕೂಲಿಗೆ ನಡೆಯುತ್ತಿದ್ದೆವು. ಅವಳ ಲಂಗದ ಜೇಬಿನಲ್ಲಿ ಹುರಿದ ಅವರೆಕಾಳು, ನನ್ನ ಜೇಬಿನಲ್ಲಿ ಕುಂಟಾಬಿಲ್ಲೆಗೆ ಎಸೆಯುವ ಬಚ್ಚದ ಕಲ್ಲು. ಆಟದಲ್ಲಿ ನನ್ನ ಕಾಲು ಗೆರೆ ಮುಟ್ಟಿತೋ ಇಲ್ಲವೋ ಎಂದು ಜಗಳವಾದರೆ ಅವಳು ಬಗ್ಗಿ ನೋಡುತ್ತಲೇ ಇರಲಿಲ್ಲ. “ಗೀತಾ ಇಲ್ಲ ಅಂದ್ಮ್ಯಾಲೆ ಇಲ್ಲ ಕಣ್ರೇ” ಅಂದುಬಿಡುತ್ತಿದ್ದಳು. ನಾನು ಎರಡು ಮೂರು ಸಲ ಗೆರೆ ಮುಟ್ಟಿಯೂ ಇಲ್ಲ ಅಂದಿದ್ದೆ.

ನಾವು ಎಂಟನೇ ಕ್ಲಾಸಿನಲ್ಲಿದ್ದ ಆ ಚಳಿಗಾಲದಲ್ಲಿ ಡೈರಿಗೆ ಕೆಟ್ಟ ಕಾಲ ಬಂತು. ಲಾರಿ ಹಾಲು ಒಯ್ಯುತ್ತಿದ್ದ ಚಿಲ್ಲಿಂಗ್ ಸೆಂಟರಿನಿಂದ ನಮ್ಮೂರಿನ ಕ್ಯಾನುಗಳು ವಾಪಸ್ಸು ಬರತೊಡಗಿದವು. ಹಾಲಿನಲ್ಲಿ ನೀರಿದೆ ಎಂದು ಚೀಟಿ. ಯಾರೋ ಬೆರೆಸುತ್ತಿದ್ದಾರೆ, ಯಾರೆಂದು ಗೊತ್ತಿಲ್ಲ. ತಾನು ಕಳ್ಳ, ಪರರ ನಂಬ ಅನ್ನುವ ಹಾಗೆ ಸಾಲಿನಲ್ಲಿ ನಿಂತವರು ಮುಂದಿನವರ ಕ್ಯಾನಿನೊಳಕ್ಕೆ ಕತ್ತು ಚಾಚಿ ನೋಡುವುದು, ಹಿಂದಿನವರು ಗೊಣಗುವುದು ಶುರುವಾಯಿತು.

ಜಯರಾಮ ಮೇಷ್ಟ್ರು ವಿಜ್ಞಾನದಲ್ಲಿ ಶುದ್ಧ ವಸ್ತು ಮತ್ತು ಮಿಶ್ರಣದ ಪಾಠ ಎತ್ತಿಕೊಂಡದ್ದು ಅದೇ ದಿನಗಳಲ್ಲಿ. ನಾಗಮಂಗಲದ ಕಡೆಯವರು, ಮೀಸೆ ಆಗಷ್ಟೇ ದಪ್ಪವಾದ ಹುಡುಗ ಮೇಷ್ಟ್ರು. ನಮ್ಮ ಸ್ಕೂಲಿನ ಪ್ರಯೋಗಶಾಲೆ ಅಂದರೆ ಬೀಗ ಹಾಕಿದ ಒಂದು ಬೀರು, ಅದರ ಬೀಗದಕೈ ಯಾರ ಹತ್ತಿರವೂ ಇರಲಿಲ್ಲ. ಮೇಷ್ಟ್ರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದು, ಮನೆಯಿಂದ ಒಂದೊಂದು ಸಾಮಾನು ತರಲು ಹೇಳಿ, ಗೆರೆಯ ಎಡಕ್ಕೆ ಶುದ್ಧ ವಸ್ತು, ಬಲಕ್ಕೆ ಮಿಶ್ರಣ ಇಡಿಸಿದರು. ತಾಮ್ರದ ತಂತಿ ಎಡಕ್ಕೆ, ರಾಗಿಹಿಟ್ಟು ಬಲಕ್ಕೆ. ಸಕ್ಕರೆ ಎಡಕ್ಕೆ, ಬೆಲ್ಲ ಬಲಕ್ಕೆ. ಒಬ್ಬ ಹುಡುಗಿ ಕಿವಿಯ ಓಲೆ ಬಿಚ್ಚಿ ಠೀವಿಯಿಂದ ಎಡಕ್ಕಿಟ್ಟಳು. ಮೇಷ್ಟ್ರು ನಗುತ್ತ ಅದನ್ನು ಬಲಕ್ಕೆ ಸರಿಸಿ, ಬರೀ ಚಿನ್ನದಲ್ಲಿ ಓಲೆ ನಿಲ್ಲುವುದಿಲ್ಲ, ಅಕ್ಕಸಾಲಿಗ ತಾಮ್ರ ಬೆರೆಸುತ್ತಾನೆ ಎಂದರು. ಆ ಹುಡುಗಿ ಊಟದ ಬೆಲ್ಲಿನವರೆಗೂ ಅತ್ತಳು.

ಹಾಲಿನ ಲೋಟವನ್ನೂ ಅವರು ಬಲಕ್ಕೆ ಸರಿಸಿದಾಗ ಕ್ಲಾಸು ಒಪ್ಪಲಿಲ್ಲ.

“ಆಲು ದೇವ್ರಿಗೇ ಉಯ್ತೀವಲ್ಲ ಸಾ, ಅದೆಂಗೆ ಮಿಶ್ರಣ?” ಎಂದು ಎದ್ದವನು ನಿಂಗೇಗೌಡರ ಮಗ ಶಿವು.

“ಹಾಲಲ್ಲಿ ನೀರಿದೆ, ಕೊಬ್ಬಿದೆ, ಸಕ್ಕರೆ ಥರದ್ದೊಂದಿದೆ. ಶುದ್ಧ ವಸ್ತು ಎಲ್ಲಿಂದ ತಂದ್ರೂ ಒಂದೇ ಅಳತೆ ತೋರಿಸ್ತದೆ. ಮಿಶ್ರಣ ಒಂದೊಂದು ಕಡೆ ಒಂದೊಂದು ಥರ. ನಾಳೆ ತೋರಿಸ್ತೀನಿ,” ಎಂದರು ಮೇಷ್ಟ್ರು. ಐದು ಜನರನ್ನು ಆರಿಸಿ ಮನೆಯಿಂದ ಬಾಟಲಿಯಲ್ಲಿ ಹಾಲು ತರಲು ಹೇಳಿದರು. ಆ ಐವರಲ್ಲಿ ಶಿವು, ಚಂದ್ರಿ, ನಾನು ಇದ್ದೆವು. ಅಪ್ಪನನ್ನು ಕೇಳಿ ಕಡ್ಡಿ ತರುವ ಕೆಲಸ ನನ್ನದು.

“ಒಡೆದ್ರೆ ನನ್ ಕೆಲ್ಸ ಓಯ್ತದೆ ಕಣ್ಮಗ,” ಎಂದು ಅಪ್ಪ ಡೈರಿಯ ಹಳೆಯ ಕಡ್ಡಿಯನ್ನೂ ಗಾಜಿನ ಜಾಡಿಯನ್ನೂ ಟವೆಲಿನಲ್ಲಿ ಸುತ್ತಿ ಕೊಟ್ಟ. ಹಾಲನ್ನು ಡೈರಿಯಲ್ಲೇ, ಅವ್ವ ತಂದಿದ್ದ ಕ್ಯಾನಿನಿಂದಲೇ ಬಾಟಲಿಗೆ ತುಂಬಿಸಿದ. ದಾರಿಯುದ್ದಕ್ಕೂ ಆ ಟವೆಲನ್ನು ಎದೆಗೊತ್ತಿಕೊಂಡು ನಡೆದ ನನ್ನ ಜಂಬ ನೋಡಬೇಕಿತ್ತು. ಚಂದ್ರಿಗೆ ಮುಟ್ಟಲೂ ಕೊಡಲಿಲ್ಲ.

ಮೇಷ್ಟ್ರು ಹಿಂದಿನ ದಿನವೇ ಕೆಟಲಿನ ಹಬೆಯನ್ನು ತಟ್ಟೆಗೆ ಹಿಡಿದು ನೀರು ಬಟ್ಟಿ ಇಳಿಸಿದ್ದರು. ಬಟ್ಟಿ ಇಳಿಸುವುದು ಅಂದದ್ದಕ್ಕೆ ಹುಡುಗರು ಬಿದ್ದು ಬಿದ್ದು ನಕ್ಕರು. ಅದಕ್ಕೆ ಕಡ್ಡಿ ಬಿಟ್ಟಾಗ ಸೊನ್ನೆ. ಇನ್ನೊಂದು ಬಾಟಲಿಯ ಅಂಥದೇ ನೀರಿಗೂ ಸೊನ್ನೆ. ಆಮೇಲೆ ಹಾಲಿನ ಸರದಿ. ಕಡ್ಡಿ ಬಿಟ್ಟು ಅಂಕಿ ಓದುವುದು ನಾನು, ಬೋರ್ಡಿನ ಮೇಲೆ ಬರೆಯುವುದು ಮೇಷ್ಟ್ರು. ನನ್ನ ಹಾಲು ಇಪ್ಪತ್ತೊಂಬತ್ತು. ಶಿವುದು ಇಪ್ಪತ್ತೆಂಟು. ಇನ್ನಿಬ್ಬರದು ಇಪ್ಪತ್ತೇಳು, ಮೂವತ್ತು. ಚಂದ್ರಿಯ ಹಾಲಿಗೆ ಬಿಟ್ಟೆ. ಕಡ್ಡಿ ಮುಳುಗಿತು. ಮೇಲೆತ್ತಿ ಒರೆಸಿ ಮತ್ತೆ ಬಿಟ್ಟೆ. ಅಲ್ಲೇ ನಿಂತಿತು.

“ಹದಿನೆಂಟು ಸಾರ್.”

ಮೇಷ್ಟ್ರ ಮುಖ ಅರಳಿತು. ಅವರಿಗೆ ಬೇಕಾಗಿದ್ದುದು ಸಿಕ್ಕಿತ್ತು. “ನೋಡಿದ್ರಾ? ಐದು ಮನೆ, ಐದು ಅಂಕಿ. ಇದೇ ಮಿಶ್ರಣ!” ಎಂದು ಹದಿನೆಂಟರ ಸುತ್ತ ಸೀಮೆಸುಣ್ಣದಲ್ಲಿ ಸೊನ್ನೆ ಸುತ್ತಿದರು. ಪಾಪ, ಅವರು ನಮ್ಮೂರಿನಲ್ಲಿ ಇರುತ್ತಿರಲಿಲ್ಲ. ಕ್ಯಾನು ವಾಪಸ್ಸು ಬರುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ.

“ನೀರ್ ಬುಟ್ಟವ್ರೆ ಕಣ್ರಲಾ!” ಎಂದು ಶಿವು ಕೂಗಿದ. “ಕ್ಯಾನು ಯಾಕ್ ವಾಪಸ್ ಬತ್ತಾವೆ ಅಂತ ಈಗ ಗೊತ್ತಾಯ್ತು ನೋಡ್ಲಾ!”

ಸಂಜೆ ನಾಲೆ ಏರಿಯ ಮೇಲೆ ಚಂದ್ರಿ ಕಬ್ಬು ಸಿಗಿಯದೆ ನಡೆದಳು. ಆಮೇಲೆ ಕೇಳಿದಳು.

“ನೀ ಎಲ್ಲಿಂದ ತಂದೆ ಗೀತಾ ಆಲ?”

“ಡೈರಿಯಿಂದ.”

“ನಾನು ಒಲೆ ಪಕ್ಕದ ಚೆಂಬಿಂದ ತಂದೆ ಕಣೇ. ಅವ್ವ ಕೂಲಿಗೆ ಓಗ್ಬುಟ್ಟಿತ್ತು. ಮನೆ ಆಲು ಅಂದ್ರಲ್ಲ ಮೇಷ್ಟ್ರು, ಎಲ್ರೂ ಅದ್ನೇ ತತ್ತಾರೆ ಅನ್ಕಂಡೆ.”

ಅದು ಬಿಟ್ಟು ಬೇರೆ ಹಾಲು ಒಯ್ಯಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳ ಮಟ್ಟಿಗೆ ಹಾಲು ಅಂದರೆ ಅದೇ.

“ನಿಮ್ಮಪ್ಪಂಗೆ ಏಳೇ, ಅದು ಡೈರಿ ಆಲಲ್ಲ ಅಂತ. ಎಲ್ರ ಮುಂದೆ ಏಳ್ಬೇಕು. ನೀನೇ ಅಲ್ವಾ ನೋಡ್ದೋಳು, ನೀ ಏಳುದ್ರೆ ನಂಬ್ತಾರೆ.”

“ಏಳ್ತೀನಿ ಬುಡೇ,” ಅಂದೆ.

ಹೇಳಿದೆ ಕೂಡ, ಮನೆಯಲ್ಲಿ. ಮುದ್ದೆ ಮುರಿಯುತ್ತಿದ್ದ ಅಪ್ಪ “ಗೊತ್ತು ಬುಡು ಮಗ” ಅಂದ. ಅವ್ವ ಮಾತ್ರ “ದೊಡ್ಡೋರ ಇಸ್ಯಕ್ಕೆ ನೀ ಬಾಯಾಕ್ಬೇಡ” ಎಂದು ಕಣ್ಣು ಬಿಟ್ಟಳು.

ಮಾರನೆಯ ಬೆಳಗ್ಗೆ ಡೈರಿಯ ಮುಂದೆ ನಿಂಗೇಗೌಡರೇ ಬಂದು ನಿಂತಿದ್ದರು. ಹೆಗಲ ಮೇಲೆ ಶಾಲು, ಬಾಯಲ್ಲಿ ಬೇವಿನ ಕಡ್ಡಿ. ಸಾಲು ಎಂದಿಗಿಂತ ಉದ್ದವಿತ್ತು. ಪುಟ್ಟತಾಯಮ್ಮ ಬಂದಾಗ ಗೌಡರು ಬೇವಿನ ಕಡ್ಡಿ ಉಗಿದರು.

“ತಾಯಮ್ಮ, ನಿನ್ ಕ್ಯಾನು ಈಚೆಗ್ ಮಡುಗು.”

ಅಪ್ಪ ಕಡ್ಡಿ ಬಿಟ್ಟು ನೋಡಿದ. “ಇಪ್ಪತ್ತೆಂಟದೆ ಗೌಡ್ರೇ. ನನ್ ಮುಂದೆ ಒಂದಿನಾನೂ ಕಮ್ಮಿ ಬಂದಿಲ್ಲ ಇವರ್ದು.”

“ಇವತ್ತು ಇದ್ದೇ ಇರ್ತದೆ, ನೆನ್ನೆ ಸಿಕ್ಕಾಕ್ಕಂಡವ್ಳೆ. ಒಂದಿನಾನೂ ಬಂದಿಲ್ಲ ಅಂದ್ರೆ ನಿನ್ ಕಡ್ಡೀನೂ ನೋಡ್ಬೇಕಾಯ್ತದೆ.”

ಅಪ್ಪ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಲು ಶುರುಮಾಡಿದ. ಒರೆಸಿದ್ದನ್ನೇ ಒರೆಸಿದ.

ಪುಟ್ಟತಾಯಮ್ಮ ಹೆದರಿಕೊಳ್ಳಲಿಲ್ಲ. “ಅದು ಮನೇಗ್ ಮಡೀಕಂಡಿದ್ದ ಆಲು ಕಣಪ್ಪ. ಐಕ್ಳಿಗೆ ಅಂತ ನೀರ್ ಬೆರ್ಸಿದ್ದೆ. ಡೈರಿ ಆಲ್ಗೆ ತೊಟ್ಟು ನೀರು ಬುಟ್ಟಿದ್ರೆ ನನ್ ಕಣ್ಣಿಂಗೋಗ್ಲಿ,” ಅಂದಳು. ಆಮೇಲೆ ಸಾಲಿನ ಕಡೆ ತಿರುಗಿದಳು. “ನೀವ್ಯಾರೂ ಬೆರ್ಸಕಿಲ್ವಾ? ಏಳ್ರವ್ವಾ. ನಿಮ್ಮನೇಲಿ ಯಾರೂ ಬೆರ್ಸಕಿಲ್ವಾ?”

ಒಬ್ಬಳು ಸೆರಗು ಸರಿಮಾಡಿಕೊಂಡಳು. ಒಬ್ಬಳು ಮಗುವಿನ ಮೂಗು ಒರೆಸಿದಳು. ಸಾಲಿನಲ್ಲಿ ಮೂರನೆಯವಳು ನಮ್ಮವ್ವ, ಅವಳು ತನ್ನ ಕಾಲುಂಗುರ ನೋಡುತ್ತಿದ್ದಳು. ಅಷ್ಟು ಹೆಂಗಸರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು “ಊಂ ಕಣವ್ವ, ನಮ್ಮನೇಲೂ ಅಂಗೇಯಾ” ಅಂದಿದ್ದರೆ ಸಾಕಿತ್ತು, ಮಿಕ್ಕವರು ತಾವಾಗಿ ಬಾಯಿಬಿಡುತ್ತಿದ್ದರು. ಹಿಂದಿನಿಂದ ಯಾವಳೋ ಮುದುಕಿ “ಬೆಳ್ಳಗಿರಾದೆಲ್ಲ ಆಲಲ್ಲ ಬುಡು” ಎಂದು ಗಾದೆ ಹಾಕಿದಳು. ಅಷ್ಟೇ.

ಗೌಡರ ಕಣ್ಣು ನನ್ನ ಮೇಲೆ ಬಿತ್ತು. “ನೀನೇ ಅಲ್ವಾ ಮಗ ನೆನ್ನೆ ಕಡ್ಡಿ ಬುಟ್ಟು ನೋಡ್ದೋಳು? ಎಷ್ಟಿತ್ತು ಏಳು, ಎದ್ರುಕಬೇಡ.”

ಪುಟ್ಟತಾಯಮ್ಮನ ಹಿಂದೆ ನಿಂತಿದ್ದ ಚಂದ್ರಿ ಮುಂದೆ ಬಂದಳು. ನನ್ನ ಕಡೆ ನೋಡಿ ಹೂಂ ಎಂಬಂತೆ ತಲೆಯಾಡಿಸಿದಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ಈಗ ಎಲ್ಲ ಸರಿಹೋಗುತ್ತದೆ ಅನ್ನುವ ನೆಮ್ಮದಿ ಇತ್ತು.

“ಹದಿನೆಂಟು,” ಅಂದೆ.

ಮುಂದಿನ ಮಾತು ಗಂಟಲಲ್ಲಿ ಸಿದ್ಧವಾಗಿತ್ತು. ಅದು ಮನೆ ಹಾಲು ಗೌಡ್ರೇ, ನಮ್ಮನೆ ಚೆಂಬಿಗೆ ಕಡ್ಡಿ ಬಿಟ್ಟರೂ ಅಷ್ಟೇ ಬರುತ್ತದೆ. ಅಷ್ಟರಲ್ಲಿ ಅವ್ವನ ಕೈ ನನ್ನ ಭುಜದ ಮೇಲೆ ಬಂತು, ಬೆರಳು ಒತ್ತಿತು. ನಾನು ಬಾಯಿ ಮುಚ್ಚಿಕೊಂಡೆ.

“ಸಾಕು ಬುಡು,” ಅಂದರು ಗೌಡರು. ಕಮಿಟಿ ಸೇರಿ ತೀರ್ಮಾನ ಮಾಡುವವರೆಗೆ ಪುಟ್ಟತಾಯಮ್ಮನ ಹಾಲು ಹಾಕಿಸಿಕೊಳ್ಳುವ ಹಾಗಿಲ್ಲ ಎಂದಾಯಿತು. ಆ ಕಮಿಟಿ ಸೇರಲೇ ಇಲ್ಲ. ಪುಟ್ಟತಾಯಮ್ಮ ಕ್ಯಾನು ಎತ್ತಿಕೊಂಡು ಹೋದಳು. ಚಂದ್ರಿ ಹಿಂದೆ ಹಿಂದೆ ಹೋದಳು, ತಿರುಗಿ ನೋಡಲಿಲ್ಲ.

ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದು, ಅವರು ಸೈಕಲ್ ತುಳಿದುಕೊಂಡು ಊರಿಗೇ ಬಂದರು. ತಪ್ಪು ತಮ್ಮದು, ಅದು ಪಾಠಕ್ಕೆಂದು ಮಾಡಿದ ಅಳತೆ, ಕಳ್ಳತನ ಹಿಡಿಯುವುದಕ್ಕಲ್ಲ ಎಂದು ಗೌಡರ ಜಗಲಿಯಲ್ಲಿ ನಿಂತು ಹೇಳಿದರು. “ಮೇಷ್ಟ್ರೇ, ನೀವು ಸ್ಕೂಲ್ ನೋಡ್ಕಳಿ, ಡೈರಿ ನಾವ್ ನೋಡ್ಕತೀವಿ,” ಎಂದು ಗೌಡರು ಕಾಫಿ ಕುಡಿಸಿ ಕಳಿಸಿದರು.

ಮೇಷ್ಟ್ರು ಸೋಲೊಪ್ಪುವ ಪೈಕಿ ಅಲ್ಲ. ಮಾರನೆಯ ದಿನ ಕ್ಲಾಸಿನಲ್ಲಿ ಅವರ ದನಿ ಬೇರೆಯಾಗಿತ್ತು. “ನಾಳೆ ಪ್ರತಿಯೊಬ್ಬರೂ ಹಾಲು ತನ್ನಿ. ಡೈರಿಗೆ ಹಾಕೋ ಹಾಲಲ್ಲ. ನೀವು ಮನೇಲಿ ಕುಡಿಯೋ ಹಾಲು. ಎಲ್ಲರದನ್ನೂ ಬೋರ್ಡಿನ ಮೇಲೆ ಬರೆಯೋಣ. ಆಮೇಲೆ ಮಾತಾಡೋಣ.”

ಅವರ ಯೋಚನೆ ನನಗೆ ಅರ್ಥವಾಯಿತು. ಬೋರ್ಡಿನ ತುಂಬ ಹದಿನೆಂಟು, ಹತ್ತೊಂಬತ್ತು, ಹದಿನೇಳು ತುಂಬಿದರೆ ಶಿವುವಾದರೂ ಬಾಯಿ ಮುಚ್ಚಬೇಕು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಅವ್ವ ಕೊಟ್ಟಿಗೆಯಲ್ಲಿದ್ದಾಗ ಒಲೆ ಪಕ್ಕದ ಚೆಂಬಿನಿಂದ ಬಾಟಲಿ ತುಂಬಿಕೊಂಡು ಪುಸ್ತಕದ ಚೀಲದ ತಳದಲ್ಲಿಟ್ಟೆ.

“ಹಾಲು ತಂದವರು ಎದ್ದು ನಿಲ್ಲಿ,” ಎಂದರು ಮೇಷ್ಟ್ರು.

ಯಾರೂ ಏಳಲಿಲ್ಲ. ಮರೆತೋಯ್ತು ಸಾ. ಕರು ಕುಡ್ಕಬುಡ್ತು ಸಾ. ಬಾಟ್ಲಿ ಒಡೆದೋಯ್ತು ಸಾ. ಮಕ್ಕಳು ಮನೆಯಲ್ಲಿ ಹೇಳಿದ್ದರು, ಮನೆಯವರು ತಕ್ಕ ಮಾತು ಕಲಿಸಿ ಕಳಿಸಿದ್ದರು. ಹುಡುಗಿಯರ ಸಾಲಿನ ಕೊನೆಯಲ್ಲಿ ಚಂದ್ರಿ ಎದ್ದಳು. ಅವಳ ಕೈಯಲ್ಲಿ ಬಾಟಲಿ ಇತ್ತು. ತನ್ನನ್ನು ಬಿಟ್ಟು ಇನ್ನು ಯಾರು ಯಾರು ಎದ್ದಿದ್ದಾರೆ ಎಂದು ಅವಳು ಒಂದು ಸುತ್ತು ನೋಡಿದಳು. ನನ್ನ ಹತ್ತಿರ ಬಂದಾಗ ಅವಳ ಕಣ್ಣು ನಿಂತಿತು.

ಡೈರಿಯಲ್ಲಿ ಅವ್ವನ ಕೈ ಇತ್ತು ಅನ್ನಬಹುದು. ಇಲ್ಲಿ ಯಾರ ಕೈಯೂ ಇರಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಎದ್ದು ನಿಲ್ಲುವುದು ದೊಡ್ಡ ಕೆಲಸವೇನಲ್ಲ, ದಿನಕ್ಕೆ ಹತ್ತು ಸಲ ನಿಲ್ಲುತ್ತಿದ್ದೆ. ಟೆಸ್ಟರ್ ಮನೆಯವರೂ ನೀರುಹಾಲು ಕುಡಿಯುತ್ತಾರೆ ಎಂದು ನಾಳೆ ಶಿವು ಊರೆಲ್ಲ ಸಾರುತ್ತಾನೆ ಅನ್ನುವುದೊಂದೇ ತಲೆಯಲ್ಲಿ ಓಡುತ್ತಿತ್ತು. ಚೀಲವನ್ನು ಕಾಲಿನಿಂದ ಬೆಂಚಿನ ಒಳಕ್ಕೆ ತಳ್ಳಿದೆ.

“ಕೂತ್ಕೋ ಚಂದ್ರಕಲಾ,” ಎಂದರು ಮೇಷ್ಟ್ರು. ಪುಸ್ತಕ ತೆರೆದು ಮುಂದಿನ ಪಾಠ ಶುರುಮಾಡಿದರು. ಅವರು ಆಮೇಲೆ ನಮಗೆ ಯಾವ ಪ್ರಯೋಗವನ್ನೂ ಮಾಡಿ ತೋರಿಸಲಿಲ್ಲ.

ಪುಟ್ಟತಾಯಮ್ಮ ಪಾಂಡವಪುರದ ಒಂದು ಹೋಟೆಲಿಗೆ ಹಾಲು ಗೊತ್ತುಮಾಡಿಕೊಂಡಳು. ಕೂಲಿ ಬಿಟ್ಟು ಅವಳು ಹೋಗುವ ಹಾಗಿರಲಿಲ್ಲ, ಹಾಗಾಗಿ ದಿನಾ ಬೆಳಗ್ಗೆ ರಸ್ತೆಯವರೆಗೆ ನಡೆದು ಬಸ್ಸು ಹತ್ತಿದವಳು ಚಂದ್ರಿ. ಮೊದಲು ಎರಡು ಪೀರಿಯಡ್ ತಪ್ಪುತ್ತಿತ್ತು, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ. ಬಂದ ದಿನವೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆಯೇ ಹಸು ಮಾರಿ, ನಾಗಮಂಗಲದ ಕಡೆ ಅವಳ ಸೋದರಮಾವನ ಊರಿಗೆ ಹೊರಟುಹೋದರು. ಹೋಗುವ ದಿನ ಗೊತ್ತಿದ್ದೂ ನಾನು ಮನೆಯೊಳಗೇ ಇದ್ದೆ.

ಪುಟ್ಟತಾಯಮ್ಮನ ಹಾಲು ನಿಲ್ಲಿಸಿದ ಮೇಲೂ ಕ್ಯಾನುಗಳು ವಾಪಸ್ಸು ಬಂದವು. ಲಾರಿ ಡ್ರೈವರ್ ದಾರಿಯಲ್ಲಿ ಬೆರೆಸುತ್ತಾನೆ ಎಂದು ಊರು ಮಾತು ತಿರುಗಿಸಿತು. ಗೌಡರ ಮನೆಯ ಕ್ಯಾನಿಗೆ ಆಗಲೂ ಯಾರೂ ಕಡ್ಡಿ ಅದ್ದಲಿಲ್ಲ.

ಈಗ ನಮ್ಮೂರ ಡೈರಿಯಲ್ಲಿ ಮಿಷನ್ನು ಬಂದಿದೆ. ಯಾರ ಹಾಲಾದರೂ ಅದರ ಬಾಯಿಗೆ ಹೋಗಲೇಬೇಕು, ಗೌಡರದೂ. ಹಸು ಕಟ್ಟುವ ಮನೆ ಬೆರಳೆಣಿಕೆಯಷ್ಟು. ಆ ಸಾಲು ಇಲ್ಲ, ಆ ವಾಸನೆ ಇಲ್ಲ. ಅಪ್ಪನೂ ಇಲ್ಲ. ಅವುಗಳನ್ನೆಲ್ಲ ಕಾಲ ತೆಗೆದುಕೊಂಡು ಹೋಯಿತು, ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಒಂದನ್ನು ಮಾತ್ರ ನಾನೇ ಕೈಯಾರೆ ಕಳೆದುಕೊಂಡೆ.

ಕೆಲವು ವರ್ಷದ ಹಿಂದೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಚಂದ್ರಿ ಸಿಕ್ಕಳು. ನಾನೇ ಗುರುತು ಹಿಡಿದೆ. ಮೈ ತುಂಬಿಕೊಂಡಿದ್ದಳು, ಜೊತೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಳು. ಅವ್ವ ಹೇಗಿದ್ದಾಳೆ, ತಮ್ಮ ಏನು ಮಾಡುತ್ತಾನೆ ಎಂದೆಲ್ಲ ಕೇಳಿದೆ. ಎಲ್ಲಕ್ಕೂ ನಗುತ್ತಲೇ ಉತ್ತರ ಹೇಳಿದಳು. ಮಗಳು ನೀರಿನ ಬಾಟಲಿ ತರಲು ಹೋದಾಗ ನಾನು ತಡೆಯಲಾರದೆ ಅಂದೆ.

“ಅವತ್ತು ನಾನು ಹೇಳಬೇಕಿತ್ತು ಚಂದ್ರಿ.”

ಅವಳಿಗೆ ಯಾವತ್ತು ಎಂದು ಕೇಳುವ ಅಗತ್ಯ ಬೀಳಲಿಲ್ಲ.

“ನೀ ಸುಳ್ಳೇನೂ ಏಳ್ನಿಲ್ವಲ್ಲ ಬುಡು. ಅದಿನೆಂಟಿತ್ತು, ಅದಿನೆಂಟು ಅಂದೆ.”

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಅಲ್ಲೇ ಅತ್ತು ಹಗುರಾಗುತ್ತಿದ್ದೆನೇನೋ. ಅಷ್ಟರಲ್ಲಿ ಮಗಳು ಬಂದು, “ಯಾರವ್ವ ಇವ್ರು?” ಎಂದು ಕೇಳಿದಳು.

“ನಮ್ಮೂರ ಡೈರಿ ಟೆಸ್ಟರ್ ಮಗ್ಳು ಕಣವ್ವ,” ಅಂದಳು ಚಂದ್ರಿ.

ನಾಗಮಂಗಲದ ಬಸ್ಸು ಬಂತು. ಅವಳು ಬ್ಯಾಗು ಎತ್ತಿಕೊಂಡಳು, ಬರ್ತೀನಿ ಅಂದಳು. ನನ್ನ ಜೊತೆ ಓದಿದವಳು ಅಂತಲೋ, ನನ್ನ ಗೆಳತಿ ಅಂತಲೋ ಇನ್ನೊಂದು ಮಾತು ಸೇರಿಸುತ್ತಾಳೆ ಎಂದು ನಾನು ಬಸ್ಸಿನ ಬಾಗಿಲವರೆಗೂ ಅವಳ ಹಿಂದೆಯೇ ಹೋದೆ. ಅವಳು ಸೇರಿಸಲಿಲ್ಲ.